ಎಣ್ಣೆಯಲ್ಲಿ ಇಟ್ಟ ಠೇವಣಿ: ಈಸ್ಟ್ರಡಯಾಲ್ ಅಂಡೆಸಿಲೇಟ್ ನಡೆದು ಬಂದ ದಾರಿ

ಈಸ್ಟ್ರಡಯಾಲ್ ಅಂಡೆಸಿಲೇಟ್ ಈಗ ಔಷಧಿ ಅಂಗಡಿಗಳಲ್ಲಿ ಸಿಗುವುದಿಲ್ಲ. ಹೆಣ್ಣಿನ ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರಡಯಾಲ್ ಎಂಬ ಹಾರ್ಮೋನಿಗೆ ಹನ್ನೊಂದು ಇಂಗಾಲದ ಪರಮಾಣುಗಳುಳ್ಳ ಕೊಬ್ಬಿನಾಮ್ಲವೊಂದನ್ನು ಕೂಡಿಸಿ, ಎಣ್ಣೆಯಲ್ಲಿ ಕರಗಿಸಿ, ಪಿರ್ರೆಯ ಸ್ನಾಯುವಿಗೆ ಆಳವಾಗಿ ಚುಚ್ಚುತ್ತಿದ್ದ ಮದ್ದು ಇದು. ಬರ್ಲಿನ್ನಿನ ಶೆರಿಂಗ್ ಕಂಪನಿ 1950ರ ದಶಕದಲ್ಲಿ ಇದನ್ನು ತಯಾರಿಸಿ ‘ಪ್ರೊಗೈನಾನ್ ಡಿಪೋ 100’ ಎಂಬ ಹೆಸರಿನಲ್ಲಿ ಮಾರಿತು. ನೂರು ಎಂಬುದು ಒಂದು ಸೂಜಿಮದ್ದಿನಲ್ಲಿದ್ದ ಮಿಲಿಗ್ರಾಂ ಲೆಕ್ಕ. ತಿಂಗಳಿಗೆ ಒಂದು ಸೂಜಿ ಸಾಕಾಗುತ್ತಿತ್ತು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬಂದ ವಯಸ್ಸಾದ ಗಂಡಸರು ಇದನ್ನು ಹೆಚ್ಚಾಗಿ ಪಡೆದವರು. ಮುಟ್ಟು ನಿಂತ ಹೆಂಗಸರಿಗೂ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಬಯಸಿದವರಿಗೂ ಇದನ್ನು ಕೊಡುತ್ತಿದ್ದರು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಇದರ ಬಳಕೆಯೂ ಮುಗಿಯಿತು.

ಇದರ ಕಥೆ ಹಾರ್ಮೋನಿನ ಕಥೆಗಿಂತ ಹೆಚ್ಚಾಗಿ ಕಾಲದ ಕಥೆ. ಹಾರ್ಮೋನನ್ನು ಕಂಡುಹಿಡಿಯುವುದು ಒಂದು ಸಾಹಸವಾದರೆ, ಕಂಡುಹಿಡಿದದ್ದನ್ನು ದೇಹದಲ್ಲಿ ನಿಲ್ಲಿಸಿಕೊಳ್ಳುವುದು ಇನ್ನೊಂದು. ಶುದ್ಧ ಈಸ್ಟ್ರಡಯಾಲನ್ನು ನುಂಗಿದರೆ ಕರುಳು ಮತ್ತು ಪಿತ್ತಜನಕಾಂಗಗಳು ಅದರ ಬಹುಪಾಲನ್ನು ರಕ್ತಕ್ಕೆ ಸೇರುವ ಮೊದಲೇ ಬದಲಾಯಿಸಿಬಿಡುತ್ತವೆ. ಚುಚ್ಚಿದರೆ ಬೇಗನೆ ಹರಿದುಹೋಗುತ್ತದೆ. ಅಂಡಾಶಯ ಹನಿಹನಿಯಾಗಿ, ದಿನವಿಡೀ ಸ್ರವಿಸುವುದನ್ನು ವೈದ್ಯರು ಸೂಜಿಯಲ್ಲಿ ಒಮ್ಮೆಗೆ ಕೊಟ್ಟು ಅದೇ ಫಲ ಪಡೆಯುವುದು ಹೇಗೆ? ಮೂವತ್ತು ವರ್ಷಗಳ ರಸಾಯನಶಾಸ್ತ್ರ ಈ ಪ್ರಶ್ನೆಯ ಬೆನ್ನು ಹತ್ತಿತು.

ಶೆರಿಂಗ್ ಕಂಪನಿ ಹುಟ್ಟಿದ್ದು ಒಂದು ಔಷಧಿ ಅಂಗಡಿಯಿಂದ. ಅರ್ನ್‌ಸ್ಟ್ ಶೆರಿಂಗ್ 1851ರಲ್ಲಿ ಬರ್ಲಿನ್ನಿನ ಶೋಸೇ ಬೀದಿಯಲ್ಲಿ ಒಂದು ಅಂಗಡಿ ಕೊಂಡು ಅದಕ್ಕೆ ‘ಹಸಿರು ಔಷಧಾಲಯ’ ಎಂಬ ಅರ್ಥದ ಹೆಸರಿಟ್ಟರು. ಅದರ ಹಿಂದೆ ಬೆಳೆದ ಪ್ರಯೋಗಾಲಯ 1871ರಲ್ಲಿ ಷೇರು ಕಂಪನಿಯಾಯಿತು. ಮುಂದೆ ನಗರದ ವೆಡ್ಡಿಂಗ್ ಎಂಬ ಕಾರ್ಮಿಕರ ಬಡಾವಣೆ ಅದರ ನೆಲೆಯಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾರ್ಮೋನುಗಳು ಇನ್ನೂ ಊಹೆಯಾಗಿದ್ದವು. ವಿಯೆನ್ನಾದ ಎಮಿಲ್ ಕ್ನಾವರ್ 1890ರ ದಶಕದಲ್ಲಿ ಮೊಲಗಳ ಅಂಡಾಶಯ ಕಿತ್ತು ಬೇರೆ ಜಾಗದಲ್ಲಿ ನೆಟ್ಟು ನೋಡಿದ್ದರು. ಹಾಗೆ ನೆಟ್ಟ ಮೊಲಗಳ ಗರ್ಭಕೋಶ ಸೊರಗಲಿಲ್ಲ. ಅಂದರೆ ಅಂಡಾಶಯದಿಂದ ರಕ್ತಕ್ಕೆ ಏನೋ ಸೇರುತ್ತಿತ್ತು. ಆ ‘ಏನೋ’ ಏನು ಎಂದು ತಿಳಿಯಲು ಅದನ್ನು ಅಳೆಯುವ ದಾರಿ ಬೇಕಿತ್ತು.

ಅಮೆರಿಕದ ಸೇಂಟ್ ಲೂಯಿಸ್ ನಗರದ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ 1923ರಲ್ಲಿ ಆ ದಾರಿಯನ್ನು ತೋರಿಸಿದರು. ಕಸಾಯಿಖಾನೆಯಿಂದ ತಂದ ಹೆಣ್ಣು ಹಂದಿಗಳ ಅಂಡಾಶಯದ ದ್ರವವನ್ನು ಅಂಡಾಶಯ ತೆಗೆದ ಇಲಿಗಳಿಗೆ ಚುಚ್ಚಿ, ಅವುಗಳ ಯೋನಿಯ ಲೋಳೆಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹಾರ್ಮೋನು ಇದ್ದರೆ ಜೀವಕೋಶಗಳ ರೂಪ ಬದಲಾಗುತ್ತಿತ್ತು. ಅಲ್ಲಿಂದ ಇಲಿಯೇ ತಕ್ಕಡಿಯಾಯಿತು. ಎಷ್ಟು ಮದ್ದಿಗೆ ಇಲಿ ಬೆದೆಗೆ ಬರುತ್ತದೆ ಎಂಬುದು ಅಳತೆಯ ಘಟಕವಾಯಿತು.

1927ರಲ್ಲಿ ಬರ್ಲಿನ್ನಿನ ಚಾರಿಟೆ ಆಸ್ಪತ್ರೆಯ ಸೆಲ್ಮರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಜೊಂಡೆಕ್ ಬಸುರಿಯರ ಮೂತ್ರದಲ್ಲಿ ಈ ಹಾರ್ಮೋನು ಹೇರಳವಾಗಿದೆ ಎಂದು ಕಂಡುಕೊಂಡರು. ಟನ್ನುಗಟ್ಟಲೆ ಅಂಡಾಶಯ ಹಿಂಡಿದರೂ ಚಿಟಿಕೆಯಷ್ಟು ಸಿಗದ ವಸ್ತು ಪ್ರಸೂತಿ ಗೃಹಗಳಲ್ಲಿ ಚೆಲ್ಲಿಹೋಗುತ್ತಿತ್ತು. ಶೆರಿಂಗ್ 1928ರಲ್ಲಿ ‘ಪ್ರೊಗೈನಾನ್’ ಎಂಬ ಹೆಸರಿನಲ್ಲಿ ಈಸ್ಟ್ರೋಜನ್, ಅಂದರೆ ಈ ಬಗೆಯ ಹೆಣ್ಣು ಹಾರ್ಮೋನಿನ, ಔಷಧಿಯೊಂದನ್ನು ಮಾರುಕಟ್ಟೆಗೆ ತಂದಿತು. ಮೊದಮೊದಲು ಅದನ್ನು ಹೆರಿಗೆಯ ಮಾಸಿನಿಂದ, ಆಮೇಲೆ ಮೂತ್ರದಿಂದ ತೆಗೆಯುತ್ತಿದ್ದರು. ಕಂಪನಿ ಒದಗಿಸಿದ ಮೂತ್ರದ ಸಾರವನ್ನು ಇಟ್ಟುಕೊಂಡು ಗಟಿಂಗೆನ್‌ನ ಯುವ ರಸಾಯನಶಾಸ್ತ್ರಜ್ಞ ಅಡಾಲ್ಫ್ ಬೂಟೆನಾಂಟ್ 1929ರಲ್ಲಿ ಈಸ್ಟ್ರೋನ್ ಎಂಬ ಹಾರ್ಮೋನನ್ನು ಶುದ್ಧ ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದೇ ವರ್ಷ ಅಟ್ಲಾಂಟಿಕ್‌ನ ಆಚೆ ಡಾಯ್ಸಿಯೂ ಅದನ್ನೇ ಸಾಧಿಸಿದ್ದರು. ಮರುವರ್ಷ ಜೊಂಡೆಕ್ ಗಬ್ಬದ ಕುದುರೆಯ ಮೂತ್ರದಲ್ಲಿಯೂ ಅದು ತುಂಬಿರುವುದನ್ನು ತೋರಿಸಿದರು.

ಈ ಸಾಧನೆಯ ಹಿಂದಿದ್ದ ಹೆಂಗಸರ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ. ಬರ್ಲಿನ್ನಿನಲ್ಲೂ, ನೆದರ್ಲೆಂಡ್ಸ್‌ನಲ್ಲಿ ಆರ್ಗನಾನ್ ಕಂಪನಿಯಿದ್ದ ಓಸ್ ಪಟ್ಟಣದ ಸುತ್ತಲೂ ಬಸುರಿಯರಿಂದ ಲೀಟರುಗಟ್ಟಲೆ ಸಂಗ್ರಹಿಸಿದ ಮೂತ್ರವೇ ಈ ಉದ್ಯಮದ ಮೊದಲ ಕಚ್ಚಾವಸ್ತು. ಮೂತ್ರದಲ್ಲಿ ಹಾರ್ಮೋನನ್ನು ಕಂಡುಹಿಡಿದ ಇಬ್ಬರು ವೈದ್ಯರನ್ನೂ ಬರ್ಲಿನ್ ಉಳಿಯಗೊಡಲಿಲ್ಲ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಯಹೂದಿಯರಾಗಿದ್ದ ಜೊಂಡೆಕ್ ಕೆಲಸ ಕಳೆದುಕೊಂಡು ಸ್ಟಾಕ್‌ಹೋಮ್ ದಾಟಿ ಜೆರುಸಲೇಮಿಗೆ ಹೋದರು, ಆಶ್‌ಹೈಮ್ ಪ್ಯಾರಿಸ್ ಸೇರಿದರು. ಬೂಟೆನಾಂಟ್‌ರಿಗೆ 1939ರ ರಸಾಯನಶಾಸ್ತ್ರದ ನೊಬೆಲ್ ಬಂತು. ಜರ್ಮನ್ ಸರ್ಕಾರ ಅದನ್ನು ಸ್ವೀಕರಿಸದಂತೆ ತಡೆದದ್ದರಿಂದ ಪ್ರಶಸ್ತಿ ಪತ್ರ ಅವರ ಕೈಸೇರಿದ್ದು ಯುದ್ಧ ಮುಗಿದು ನಾಲ್ಕು ವರ್ಷಗಳಾದ ಮೇಲೆ.

ಈಸ್ಟ್ರೋನಿಗಿಂತ ಬಲವಾದ ಈಸ್ಟ್ರಡಯಾಲ್ ಮೊದಲು ಪ್ರಯೋಗಾಲಯದಲ್ಲಿ ಹುಟ್ಟಿತು, ಆಮೇಲೆ ದೇಹದಲ್ಲಿ ಸಿಕ್ಕಿತು. ಶೆರಿಂಗ್‌ನ ಎರ್ವಿನ್ ಶ್ವೆಂಕ್ ಮತ್ತು ಹಿಲ್ಡೆಬ್ರಾಂಟ್ 1933ರಲ್ಲಿ ಈಸ್ಟ್ರೋನಿಗೆ ಜಲಜನಕ ಸೇರಿಸಿ ಅದನ್ನು ಪಡೆದರು. ಹಂದಿಗಳ ಅಂಡಾಶಯದಿಂದ ಡಾಯ್ಸಿಯ ತಂಡ ಅದನ್ನು ಬೇರ್ಪಡಿಸಿದ್ದು ಎರಡು ವರ್ಷಗಳ ಅನಂತರ. ಟನ್ನುಗಟ್ಟಲೆ ಅಂಡಾಶಯಗಳಿಂದ ಅವರಿಗೆ ದಕ್ಕಿದ್ದು ಕೆಲವೇ ಮಿಲಿಗ್ರಾಂ.

ಎಸ್ಟರ್ ಎಂಬ ಯುಕ್ತಿ ಇಲ್ಲಿಂದ ಶುರುವಾಗುತ್ತದೆ. ಈಸ್ಟ್ರಡಯಾಲಿನ ಅಣುವಿನಲ್ಲಿ ಎರಡು ತುದಿಗಳಲ್ಲಿ ಎರಡು ಹೈಡ್ರಾಕ್ಸಿಲ್ ಗುಂಪುಗಳಿವೆ, ಎರಡು ಕೊಕ್ಕೆಗಳಿದ್ದಂತೆ. ಅವುಗಳಿಗೆ ಯಾವುದಾದರೂ ಆಮ್ಲವನ್ನು ತಗುಲಿಸಿದರೆ ಎಸ್ಟರ್ ಆಗುತ್ತದೆ. ಆಮ್ಲದ ಬಾಲ ಕೂಡಿದ ಹಾರ್ಮೋನಿಗೆ ನೀರಿನ ಮೇಲೆ ಒಲವು ಕಡಿಮೆ, ಎಣ್ಣೆಯ ಮೇಲೆ ಹೆಚ್ಚು. ಎಣ್ಣೆಯಲ್ಲಿ ಕರಗಿಸಿ ಸ್ನಾಯುವಿಗೆ ಚುಚ್ಚಿದಾಗ ಅಲ್ಲೊಂದು ಪುಟ್ಟ ಎಣ್ಣೆಯ ಕೊಳ ನಿಲ್ಲುತ್ತದೆ. ಮದ್ದು ಆ ಕೊಳ ಬಿಟ್ಟು ಸುತ್ತಲಿನ ನೀರುನೀರಾದ ಅಂಗಾಂಶಕ್ಕೆ ನಿಧಾನವಾಗಿ ಸೋರುತ್ತದೆ. ಸೋರಿದ ಅಣುವಿನ ಬಾಲವನ್ನು ದೇಹದ ಕಿಣ್ವಗಳು ಕತ್ತರಿಸುತ್ತವೆ. ಉಳಿಯುವುದು ಅಂಡಾಶಯ ಮಾಡುವ ಈಸ್ಟ್ರಡಯಾಲೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬಾಲಕ್ಕೆ ಹಾರ್ಮೋನಿನ ಗುಣ ಯಾವುದೂ ಇಲ್ಲ. ಅದು ಮಾಡುವುದು ತಡ ಮಾಡುವ ಕೆಲಸ ಒಂದನ್ನೇ.

ಮೊದಲು ಬಂದ ಬಾಲ ಬೆಂಜೋಯಿಕ್ ಆಮ್ಲದ್ದು. 1930ರ ದಶಕದ ನಡುವಿನಲ್ಲಿ ಈಸ್ಟ್ರಡಯಾಲ್ ಬೆಂಜೋಯೇಟ್ ‘ಪ್ರೊಗೈನಾನ್ ಬಿ’ ಎಂದು ಮಾರಾಟಕ್ಕೆ ಬಂತು. ಅದು ಎಷ್ಟು ಬೇಗ ಮಾನ್ಯವಾಯಿತೆಂದರೆ, ಹಾರ್ಮೋನುಗಳ ಅಳತೆಯನ್ನು ಜಗತ್ತಿಗೆಲ್ಲ ಒಂದೇ ಮಾಡಲು ಲೀಗ್ ಆಫ್ ನೇಷನ್ಸ್‌ನ ಆರೋಗ್ಯ ವಿಭಾಗ 1935ರಲ್ಲಿ ಲಂಡನ್ನಿನಲ್ಲಿ ನಡೆಸಿದ ಸಭೆ ಇದೇ ಎಸ್ಟರನ್ನು ಒಂದು ಮಾನಕವಾಗಿ ಒಪ್ಪಿತು. ಒಂದು ಮಿಲಿಗ್ರಾಂ ಬೆಂಜೋಯೇಟ್ ಎಂದರೆ 10,000 ಘಟಕ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸೀಬಾ ಕಂಪನಿಯ ಕಾರ್ಲ್ ಮೀಷರ್ ಬಳಗ ಎರಡೂ ಕೊಕ್ಕೆಗಳಿಗೆ ಪ್ರೊಪಿಯಾನಿಕ್ ಆಮ್ಲ ತಗುಲಿಸಿ ಈಸ್ಟ್ರಡಯಾಲ್ ಡೈಪ್ರೊಪಿಯೊನೇಟ್ ತಯಾರಿಸಿತು.

ಇವೆಲ್ಲ ಮೂತ್ರದ ಸಾರಕ್ಕಿಂತ ಎಷ್ಟೋ ಮೇಲು. ಆದರೂ ಬೆಂಜೋಯೇಟಿನ ಒಂದು ಸೂಜಿ ಕೆಲವೇ ದಿನ ನಿಲ್ಲುತ್ತಿತ್ತು. ಚಾರಿಟೆ ಆಸ್ಪತ್ರೆಯ ಕಾರ್ಲ್ ಕೌಫ್‌ಮನ್ 1930ರ ದಶಕದ ಆರಂಭದಲ್ಲಿ ಅಂಡಾಶಯವಿಲ್ಲದ ಹೆಂಗಸರಲ್ಲಿ ಹಾರ್ಮೋನುಗಳಿಂದಲೇ ಮುಟ್ಟು ಬರಿಸಿ ವೈದ್ಯಲೋಕವನ್ನು ಬೆರಗುಗೊಳಿಸಿದ್ದರು. ಆದರೆ ಅದಕ್ಕೆ ಲಕ್ಷಗಟ್ಟಲೆ ಘಟಕಗಳ ಮದ್ದನ್ನು ಮತ್ತೆ ಮತ್ತೆ ಚುಚ್ಚಬೇಕಾಯಿತು. ವಾರಕ್ಕೆ ಎರಡು ಮೂರು ಸೂಜಿ ಹಾಕಿಸಿಕೊಳ್ಳಲು ತಿಂಗಳಾನುಗಟ್ಟಲೆ ಆಸ್ಪತ್ರೆಗೆ ಯಾರು ನಡೆಯುತ್ತಾರೆ?

ಈ ಕಾಲದ ಇನ್ನೊಂದು ಹೆಸರನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಪ್ರೊಜೆಸ್ಟೆರಾನ್ ಹಾರ್ಮೋನನ್ನು ಮೊಲಗಳ ಮೂಲಕ ಅಳೆಯುವ ಪರೀಕ್ಷೆಗೆ ಹೆಸರು ಕೊಟ್ಟ, ಈ ಔಷಧಿಗಳ ಮೊದಲ ಪ್ರಯೋಗಗಳಲ್ಲಿ ತೊಡಗಿದ್ದ ಜರ್ಮನ್ ಸ್ತ್ರೀರೋಗ ವೈದ್ಯ ಕಾರ್ಲ್ ಕ್ಲಾಬರ್ಗ್, ಯುದ್ಧದ ದಿನಗಳಲ್ಲಿ ಔಷ್ವಿಟ್ಜ್ ಶಿಬಿರದ ಬಂದಿ ಹೆಂಗಸರ ಮೇಲೆ ಬಲವಂತದ ಸಂತಾನಹರಣ ಪ್ರಯೋಗಗಳನ್ನು ನಡೆಸಿದ. ಬಂಜೆತನ ನೀಗಿಸುವ ವಿದ್ಯೆ ಬಲ್ಲ ಕೈಯೇ ಬಂಜೆತನ ಹೇರುವ ಕೆಲಸಕ್ಕೆ ಇಳಿಯಿತು. ಅವನು 1957ರಲ್ಲಿ, ಜರ್ಮನಿಯಲ್ಲಿ ವಿಚಾರಣೆಗೆ ಕಾಯುತ್ತಿದ್ದಾಗ ಸತ್ತ. ಹಾರ್ಮೋನು ವಿಜ್ಞಾನದ ಚರಿತ್ರೆಯಲ್ಲಿ ಈ ಪುಟವೂ ಸೇರಿದೆ.

ಈಸ್ಟ್ರೋಜನ್ ಗಂಡಸರ ಮದ್ದಾದದ್ದು 1941ರಲ್ಲಿ. ಶಿಕಾಗೋದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಜಸ್, ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಗಳಲ್ಲಿ ವೃಷಣಗಳನ್ನು ತೆಗೆದರೆ ಅಥವಾ ಈಸ್ಟ್ರೋಜನ್ ಕೊಟ್ಟರೆ ರೋಗ ಹಿಮ್ಮೆಟ್ಟುತ್ತದೆ ಎಂದು ತೋರಿಸಿದರು. ಈ ಕ್ಯಾನ್ಸರ್ ಬೆಳೆಯುವುದು ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಬಲದಿಂದ. ರಕ್ತದಲ್ಲಿ ಈಸ್ಟ್ರೋಜನ್ ಏರಿದಾಗ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಕಳಿಸುವ ಸಂದೇಶವನ್ನು ನಿಲ್ಲಿಸುತ್ತದೆ, ವೃಷಣ ಟೆಸ್ಟೋಸ್ಟೆರಾನ್ ಮಾಡುವುದನ್ನು ಬಿಡುತ್ತದೆ. ಮೂಳೆನೋವಿನಿಂದ ಹಾಸಿಗೆ ಹಿಡಿದವರು ಎದ್ದು ಓಡಾಡಿದರು. ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು. ಲಂಡನ್ನಿನ ಚಾರ್ಲ್ಸ್ ಡಾಡ್ಸ್ 1938ರಲ್ಲಿ ತಯಾರಿಸಿದ್ದ, ಪೇಟೆಂಟಿನ ಹಂಗಿಲ್ಲದ ಸ್ಟಿಲ್ಬೆಸ್ಟ್ರಾಲ್ ಎಂಬ ಅಗ್ಗದ ಕೃತಕ ಈಸ್ಟ್ರೋಜನ್ ಮಾತ್ರೆಯೇ ಈ ಚಿಕಿತ್ಸೆಯಲ್ಲಿ ಮುಂದಿನ ಮೂರು ದಶಕ ಮೆರೆಯಿತು. ಆದರೆ ದಿನವೂ ಮರೆಯದೆ ಮಾತ್ರೆ ನುಂಗಬೇಕಾದ ಮುದುಕರಿಗೆ ತಿಂಗಳಿಗೊಮ್ಮೆ ಸೂಜಿ ಹಾಕಿ ಕಳಿಸುವಂತಿದ್ದರೆ ಎಷ್ಟು ಹಗುರ ಎಂಬ ಯೋಚನೆಯೂ ಜೊತೆಗೇ ಬೆಳೆಯಿತು.

ಯುದ್ಧದಲ್ಲಿ ಬರ್ಲಿನ್ ಪುಡಿಯಾಯಿತು. ಶೆರಿಂಗ್‌ನ ಅಮೆರಿಕದ ಶಾಖೆಯನ್ನು ಅಲ್ಲಿನ ಸರ್ಕಾರ ಶತ್ರುವಿನ ಆಸ್ತಿಯೆಂದು ವಶಪಡಿಸಿಕೊಂಡಿತು. ಅದು ಬೇರೆಯೇ ಕಂಪನಿಯಾಗಿ ಬೆಳೆದು ಮೂಲ ಮನೆಗೆ ಮತ್ತೆ ಮರಳಲಿಲ್ಲ. ಒಡೆದ ನಗರದ ಪಶ್ಚಿಮದ ಪಾಲಿಗೆ ಬಂದ ವೆಡ್ಡಿಂಗ್‌ನಲ್ಲಿ ಕಂಪನಿ ಮತ್ತೆ ತಲೆಯೆತ್ತಿದ್ದು ಹೆಚ್ಚಾಗಿ ಹಾರ್ಮೋನುಗಳ ಬಲದಿಂದ. ಅದರ ಸಂಶೋಧನೆಯ ಮುಂದಾಳು ಔಷಧಶಾಸ್ತ್ರಜ್ಞ ಕಾರ್ಲ್ ಯುಂಕ್‌ಮನ್.

ಯುಂಕ್‌ಮನ್ ಹಿಡಿದ ಹಾದಿ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ಬಾಲದ ಉದ್ದವನ್ನು ಒಂದೊಂದೇ ಇಂಗಾಲದಂತೆ ಏರಿಸುತ್ತಾ, ಪ್ರತಿ ಎಸ್ಟರನ್ನೂ ಪ್ರಾಣಿಗಳಿಗೆ ಚುಚ್ಚಿ ಎಷ್ಟು ದಿನ ಕೆಲಸ ಮಾಡುತ್ತದೆ ಎಂದು ಎಣಿಸುವುದು. ಬಾಲ ಉದ್ದವಾದಷ್ಟೂ ಎಣ್ಣೆಯ ಹಿಡಿತ ಬಿಗಿ, ಸೋರಿಕೆ ನಿಧಾನ. ದೀರ್ಘಕಾಲ ಕೆಲಸ ಮಾಡುವ ಈಸ್ಟ್ರೋಜನ್‌ಗಳ ಬಗ್ಗೆ ಅವರು 1953ರಲ್ಲಿ ಪ್ರಕಟಿಸಿದ ಜರ್ಮನ್ ಲೇಖನದ ಕಾಲಕ್ಕೇ ಈಸ್ಟ್ರಡಯಾಲ್ ಅಂಡೆಸಿಲೇಟ್ ವೈದ್ಯಸಾಹಿತ್ಯದಲ್ಲಿ ಕಾಣಿಸಿಕೊಂಡಿತು. ಇದೇ ಕೈಯಿಂದ ಬಂದ ಬಳಗ ದೊಡ್ಡದು: ಐದು ಇಂಗಾಲದ ಬಾಲದ ಈಸ್ಟ್ರಡಯಾಲ್ ವ್ಯಾಲರೇಟ್, ಏಳು ಇಂಗಾಲದ ಟೆಸ್ಟೋಸ್ಟೆರಾನ್ ಎನಾಂಥೇಟ್, ಗರ್ಭ ನಿಲ್ಲಲೆಂದು ಕೊಡುತ್ತಿದ್ದ ಹೈಡ್ರಾಕ್ಸಿಪ್ರೊಜೆಸ್ಟೆರಾನ್ ಕ್ಯಾಪ್ರೋಯೇಟ್, ಗರ್ಭ ನಿಲ್ಲದಿರಲೆಂದು ಕೊಡುವ ನಾರೆಥಿಸ್ಟೆರಾನ್ ಎನಾಂಥೇಟ್. ಅಮೆರಿಕದ ಅಪ್‌ಜಾನ್ ಕಂಪನಿ ಸೈಪಿಯೊನೇಟ್ ಎಂಬ ಇನ್ನೊಂದು ಬಾಲವನ್ನು ಹಿಡಿದು 1950ರ ದಶಕದ ಆರಂಭದಲ್ಲೇ ತನ್ನ ಈಸ್ಟ್ರಡಯಾಲ್ ಸೂಜಿಯನ್ನು ತಂದಿತ್ತು.

ಈ ಮದ್ದುಗಳಿಗೆಲ್ಲ ‘ಡಿಪೋ’ ಎಂಬ ಹೆಸರು ಅಂಟಿತು. ಕನ್ನಡದ ಕಿವಿಗೆ ಡಿಪೋ ಎಂದರೆ ಬಸ್ಸು ನಿಲ್ಲುವ ಜಾಗ, ಸೌದೆ ಪೇರಿಸಿಟ್ಟ ಜಾಗ, ಸೊಸೈಟಿಯ ಅಕ್ಕಿ ಕೊಡುವ ಜಾಗ. ಔಷಧಿಯಲ್ಲೂ ಅರ್ಥ ಅದೇ, ದಾಸ್ತಾನು. ಆದರೆ ಠೇವಣಿ ಎಂಬ ಮಾತು ಇದಕ್ಕೆ ಇನ್ನೂ ಹತ್ತಿರ. ಇಟ್ಟ ಅಸಲು ಸ್ನಾಯುವಿನಲ್ಲಿರುತ್ತದೆ, ಪ್ರತಿದಿನ ಒಂದಿಷ್ಟು ರಕ್ತಕ್ಕೆ ಜಮೆಯಾಗುತ್ತದೆ. ಎಣ್ಣೆಗಳೂ ನಮಗೆ ಪರಿಚಿತವಾದವೇ. ವ್ಯಾಲರೇಟಿಗೆ ಎಳ್ಳೆಣ್ಣೆ ಅಥವಾ ಹರಳೆಣ್ಣೆ, ಸೈಪಿಯೊನೇಟಿಗೆ ಹತ್ತಿಬೀಜದ ಎಣ್ಣೆ.

ಅಂಡೆಸಿಲೇಟಿಗೆ ಹರಳೆಣ್ಣೆಯ ನಂಟು ಇನ್ನೂ ಆಳದ್ದು. ಹನ್ನೊಂದು ಇಂಗಾಲದ ಆಮ್ಲ ಪ್ರಕೃತಿಯಲ್ಲಿ ಅಪರೂಪ, ಏಕೆಂದರೆ ಜೀವಿಗಳು ಕೊಬ್ಬಿನಾಮ್ಲಗಳನ್ನು ಎರಡೆರಡು ಇಂಗಾಲ ಸೇರಿಸುತ್ತಾ ಕಟ್ಟುವುದರಿಂದ ಸಮಸಂಖ್ಯೆಯವೇ ಹೆಚ್ಚು. ಕೈಗಾರಿಕೆಗೆ ಅದು ಸಿಗುವ ವಾಡಿಕೆಯ ದಾರಿ ಹರಳೆಣ್ಣೆ. ಹರಳೆಣ್ಣೆಯ ಮುಖ್ಯ ಅಂಶವಾದ ಹದಿನೆಂಟು ಇಂಗಾಲದ ರಿಸಿನೋಲಿಕ್ ಆಮ್ಲವನ್ನು ಹೆಚ್ಚು ಉಷ್ಣದಲ್ಲಿ ಕಾಯಿಸಿದರೆ ಅದು ಹನ್ನೊಂದು ಮತ್ತು ಏಳು ಇಂಗಾಲದ ಎರಡು ತುಂಡಾಗುತ್ತದೆ. ಹನ್ನೊಂದರ ತುಂಡು ಅಂಡೆಸಿಲೆನಿಕ್ ಆಮ್ಲ. ಅದಕ್ಕೆ ಜಲಜನಕ ಸೇರಿಸಿದರೆ ಅಂಡೆಸಿಲಿಕ್ ಆಮ್ಲ. ಹಳೆ ಮೈಸೂರಿನಲ್ಲಿ ರಾಗಿ ಹೊಲದ ಸಾಲಿನಲ್ಲಿ ಹರಳಾಗಿ, ಉತ್ತರ ಕರ್ನಾಟಕದಲ್ಲಿ ಔಡಲವಾಗಿ ಬೆಳೆಯುವ ಈ ಗಿಡ, ಬಾಣಂತಿಯ ನೆತ್ತಿಗೂ ಮಗುವಿನ ಹೊಟ್ಟೆಗೂ ಎಣ್ಣೆ ಕೊಟ್ಟ ಗಿಡ, ಜಗತ್ತಿನ ರಸಾಯನ ಉದ್ಯಮಕ್ಕೆ ಹನ್ನೊಂದು ಇಂಗಾಲದ ಸರಪಳಿಯನ್ನೂ ಕೊಟ್ಟಿದೆ. ಹರಳು ಬೆಳೆಯುವುದರಲ್ಲಿ ಭಾರತ ಇಂದು ಜಗತ್ತಿಗೇ ಮೊದಲು.

ಬಾಲ ಉದ್ದವಾದರೆ ಅದರ ತೂಕವೂ ಕೂಡುತ್ತದೆ. ನೂರು ಮಿಲಿಗ್ರಾಂ ವ್ಯಾಲರೇಟಿನಲ್ಲಿ ಈಸ್ಟ್ರಡಯಾಲ್ ಸುಮಾರು 76 ಮಿಲಿಗ್ರಾಂ ಇದ್ದರೆ ಅಷ್ಟೇ ಅಂಡೆಸಿಲೇಟಿನಲ್ಲಿ ಸುಮಾರು 62. ಉಳಿದದ್ದು ಬಾಲ. ಹಾಗಿದ್ದರೂ 62 ಮಿಲಿಗ್ರಾಂ ಕಡಿಮೆಯೇನಲ್ಲ. ಆರೋಗ್ಯವಂತ ಹೆಂಗಸಿನ ಅಂಡಾಶಯಗಳು ಒಂದು ಇಡೀ ಋತುಚಕ್ರದಲ್ಲಿ ಸ್ರವಿಸುವ ಈಸ್ಟ್ರಡಯಾಲ್ ಕೆಲವೇ ಮಿಲಿಗ್ರಾಂ. ಬೆಂಜೋಯೇಟ್ ದಿನಗಳ ಲೆಕ್ಕದಲ್ಲಿ, ವ್ಯಾಲರೇಟ್ ಒಂದೆರಡು ವಾರ ಕೆಲಸ ಮಾಡಿದರೆ ಅಂಡೆಸಿಲೇಟಿನ ದೊಡ್ಡ ಸೂಜಿ ನಾಲ್ಕು ವಾರ ದಾಟಿಯೂ ರಕ್ತದಲ್ಲಿ ಹಾರ್ಮೋನಿನ ಮಟ್ಟವನ್ನು ಎತ್ತಿ ಹಿಡಿಯುತ್ತಿತ್ತು. ಹಿಂದಿನ ಸೂಜಿ ಪೂರ್ತಿ ಕರಗುವ ಮೊದಲೇ ಮುಂದಿನದು ಬೀಳುತ್ತಿದ್ದುದರಿಂದ ತಿಂಗಳುಗಳು ಕಳೆದಂತೆ ದಾಸ್ತಾನು ಬೆಳೆಯುತ್ತಲೂ ಇತ್ತು.

ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಬೇಕಾದದ್ದು ಇದೇ. ಟೆಸ್ಟೋಸ್ಟೆರಾನ್ ಕೆಳಗಿಳಿದು ಕೆಳಗೇ ಇರಬೇಕು, ಒಂದು ದಿನವೂ ತಲೆಯೆತ್ತಬಾರದು. ಜರ್ಮನಿ ಮತ್ತು ಅದರ ಸುತ್ತಲಿನ ದೇಶಗಳಲ್ಲಿ 1960, 1970ರ ದಶಕಗಳಲ್ಲಿ ತಿಂಗಳಿಗೆ 100 ಮಿಲಿಗ್ರಾಂ ಅಂಡೆಸಿಲೇಟ್ ಈ ರೋಗದ ಮಾಮೂಲು ಚಿಕಿತ್ಸೆಗಳಲ್ಲಿ ಒಂದಾಯಿತು. ರೋಗಿಗಳು ಅದಕ್ಕೆ ತೆತ್ತ ಬೆಲೆಯೂ ಇತ್ತು. ಗಂಡಸರಿಗೆ ಮೊಲೆ ಬೆಳೆಯುತ್ತಿತ್ತು, ಕಾಮಶಕ್ತಿ ಕುಂದುತ್ತಿತ್ತು, ಕಾಲು ಬಾತುಕೊಳ್ಳುತ್ತಿತ್ತು. ಬದುಕಿನ ಕೊನೆಯ ವರ್ಷಗಳಲ್ಲಿ ಒಬ್ಬ ಮನುಷ್ಯನಿಗೆ ತನ್ನ ಮೈಯೇ ಅಪರಿಚಿತವಾಗುವುದು ಸಣ್ಣ ನೋವಲ್ಲ.

ಅದೇ ಬದಲಾವಣೆಗಳನ್ನು ಹಂಬಲಿಸಿ ಬಂದವರೂ ಇದ್ದರು. ಕೋಪನ್‌ಹೇಗನ್‌ನ ಕ್ರಿಶ್ಚಿಯನ್ ಹ್ಯಾಂಬರ್ಗರ್ 1950ರಿಂದ ಅಮೆರಿಕದ ಕ್ರಿಸ್ಟೀನ್ ಜಾರ್ಗೆನ್ಸನ್‌ಗೆ ಈಸ್ಟ್ರೋಜನ್ ಚಿಕಿತ್ಸೆ ಕೊಟ್ಟು, 1953ರಲ್ಲಿ ಅದನ್ನು ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದ ಮೇಲೆ ಇಂಥ ನೆರವು ಕೇಳಿ ಅವರಿಗೆ ಜಗತ್ತಿನ ಮೂಲೆಮೂಲೆಯಿಂದ ಪತ್ರಗಳು ಬಂದವು. ನ್ಯೂಯಾರ್ಕಿನ ಹ್ಯಾರಿ ಬೆಂಜಮಿನ್ 1966ರ ತಮ್ಮ ಪುಸ್ತಕದಲ್ಲಿ ಈ ಚಿಕಿತ್ಸೆಗೆ ವೈದ್ಯಕೀಯ ನೆಲೆ ಕಟ್ಟಿದರು. ದೀರ್ಘಕಾಲದ ಈಸ್ಟ್ರಡಯಾಲ್ ಎಸ್ಟರುಗಳು, ಯುರೋಪಿನಲ್ಲಿ ಅಂಡೆಸಿಲೇಟೂ ಸೇರಿದಂತೆ, ಈ ಕೆಲಸಕ್ಕೆ ಬಂದವು. ಪ್ರಾಸ್ಟೇಟ್ ರೋಗಿಗೆ ಅಡ್ಡಪರಿಣಾಮವಾದದ್ದು ಈ ಜನರಿಗೆ ಚಿಕಿತ್ಸೆಯ ಗುರಿಯೇ ಆಗಿತ್ತು. ಒಂದೇ ಸೀಸೆಯ ಮದ್ದು ಒಬ್ಬರ ಮೈಯನ್ನು ಅವರಿಂದ ದೂರ ಮಾಡಿತು, ಇನ್ನೊಬ್ಬರನ್ನು ಅವರ ಮೈಗೆ ಹತ್ತಿರ ತಂದಿತು.

ಹೆಂಗಸರ ಚಿಕಿತ್ಸೆಯಲ್ಲಿ ಅಂಡೆಸಿಲೇಟ್ ಅಷ್ಟು ದೂರ ಹೋಗಲಿಲ್ಲ. ಮುಟ್ಟು ನಿಲ್ಲುವ ಕಾಲದ ಬಿಸಿಯೇರಿಕೆ, ಬೆವರಿಗೆ ಅಷ್ಟು ದೊಡ್ಡ ಪ್ರಮಾಣ ಬೇಕಿರಲಿಲ್ಲ. ಈಸ್ಟ್ರೋಜನ್ ಒಂದೇ ಎಡೆಬಿಡದೆ ಸಿಕ್ಕರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಲೇ ಹೋಗುತ್ತದೆ. 1975ರಲ್ಲಿ ಅಮೆರಿಕದಿಂದ ಬಂದ ಎರಡು ಅಧ್ಯಯನಗಳು ಈಸ್ಟ್ರೋಜನ್ ಮಾತ್ರ ಪಡೆದ ಹೆಂಗಸರಲ್ಲಿ ಆ ಒಳಪದರದ ಕ್ಯಾನ್ಸರ್ ಹೆಚ್ಚೆಂದು ತೋರಿಸಿದ ಮೇಲೆ, ತಿಂಗಳುಗಟ್ಟಲೆ ಹಿಂತೆಗೆದುಕೊಳ್ಳಲಾಗದ ಸೂಜಿಯ ಬಗ್ಗೆ ವೈದ್ಯರು ಹಿಂಜರಿದರು. ತಿಂಗಳ ಗರ್ಭನಿರೋಧಕ ಸೂಜಿಗಳಲ್ಲೂ ಕೊನೆಗೆ ಉಳಿದುಕೊಂಡದ್ದು ವ್ಯಾಲರೇಟ್, ಸೈಪಿಯೊನೇಟ್‌ನಂಥ ಗಿಡ್ಡ ಬಾಲದವು. ಅವು ತಿಂಗಳೊಳಗೆ ಇಳಿದುಹೋಗಿ ಮುಟ್ಟಿಗೆ ದಾರಿ ಬಿಡುತ್ತವೆ. ಅಂಡೆಸಿಲೇಟ್ ಬಿಡುವುದಿಲ್ಲ.

ಭಾರತದಲ್ಲಿ ಈ ಎಣ್ಣೆಸೂಜಿಗಳ ಬಳಗ ಬೇರೆ ಕಾರಣಗಳಿಗೆ ಸುದ್ದಿಯಾಯಿತು. ಯುಂಕ್‌ಮನ್ ಬಳಗದ ನಾರೆಥಿಸ್ಟೆರಾನ್ ಎನಾಂಥೇಟನ್ನು ಗರ್ಭನಿರೋಧಕವಾಗಿ ಇಲ್ಲಿ ಪರೀಕ್ಷಿಸಿದಾಗ, ಹೆಂಗಸರಿಗೆ ಸರಿಯಾದ ತಿಳುವಳಿಕೆ ಕೊಡದೆ ಚುಚ್ಚಲಾಗುತ್ತಿದೆ ಎಂದು ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನ 1986ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಬಸಿರೋ ಅಲ್ಲವೋ ಎಂದು ನೋಡಲು ಕೊಡುತ್ತಿದ್ದ ಈಸ್ಟ್ರೋಜನ್–ಪ್ರೊಜೆಸ್ಟೆರಾನ್ ಬೆರಕೆಯ ಹೆಚ್ಚು ಪ್ರಮಾಣದ ಔಷಧಿಗಳ ವಿರುದ್ಧವೂ ಮಹಿಳಾ ಮತ್ತು ಆರೋಗ್ಯ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿ 1980ರ ದಶಕದ ಕೊನೆಗೆ ನಿಷೇಧ ತಂದವು. ಇಲ್ಲಿನ ಅಂಗಡಿಗಳಲ್ಲಿ ಪ್ರೊಗೈನಾನ್ ಡಿಪೋ ಎಂಬ ಹೆಸರಿನಲ್ಲಿ ಬಂದದ್ದು ವ್ಯಾಲರೇಟ್. ಹೆಸರು ಒಂದೇ ಆದರೂ ನೂರರ ಅಂಡೆಸಿಲೇಟ್ ಅದಲ್ಲ.

ಪ್ರಾಸ್ಟೇಟ್ ಚಿಕಿತ್ಸೆಯಲ್ಲೂ ನೆಲ ಕುಸಿಯುತ್ತಿತ್ತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನ 1967ರಲ್ಲಿ ಕಹಿಸತ್ಯವೊಂದನ್ನು ಹೊರಹಾಕಿತು: ದಿನಕ್ಕೆ 5 ಮಿಲಿಗ್ರಾಂ ಸ್ಟಿಲ್ಬೆಸ್ಟ್ರಾಲ್ ನುಂಗಿದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವು ಹೆಚ್ಚಾಗಿ, ಕ್ಯಾನ್ಸರಿನಿಂದ ಉಳಿಸಿದ ಜೀವಗಳ ಲಾಭ ಅಲ್ಲಿಯೇ ಕರಗಿಹೋಗುತ್ತಿತ್ತು. ನುಂಗಿದ ಈಸ್ಟ್ರೋಜನ್ ನೇರವಾಗಿ ಪಿತ್ತಜನಕಾಂಗಕ್ಕೆ ಹೋಗಿ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ. ಚುಚ್ಚಿದ ಸಹಜ ಈಸ್ಟ್ರಡಯಾಲ್ ಆ ದಾರಿಯನ್ನು ತಪ್ಪಿಸುವುದರಿಂದ ಮೇಲಲ್ಲವೇ ಎಂಬ ವಾದ ಎದ್ದಿತು. ತರ್ಕ ಸರಿ. ಆದರೆ ಪ್ರಮಾಣ ದೊಡ್ಡದಾದರೆ ರಕ್ತದ ಮೂಲಕವೇ ಪಿತ್ತಜನಕಾಂಗಕ್ಕೆ ತಲುಪುವ ಈಸ್ಟ್ರಡಯಾಲೂ ಹೆಚ್ಚೇ.

ಅಂಡೆಸಿಲೇಟಿಗೆ ಬಲವಾದ ಪೆಟ್ಟು ಸ್ವಂತ ಮನೆಯಿಂದಲೇ ಬಂತು. ಶೆರಿಂಗ್‌ನಲ್ಲೇ 1960ರ ದಶಕದಲ್ಲಿ ಹುಟ್ಟಿ, 1970ರ ದಶಕದಲ್ಲಿ ಜರ್ಮನಿಯ ಮಾರುಕಟ್ಟೆಗೆ ಬಂದ ಸೈಪ್ರೊಟೆರಾನ್ ಅಸಿಟೇಟ್ ಟೆಸ್ಟೋಸ್ಟೆರಾನಿನ ಕೆಲಸವನ್ನು ನೇರವಾಗಿ ತಡೆಯುವ ಮದ್ದು. ಪಶ್ಚಿಮ ಜರ್ಮನಿಯ ಮೈಂಟ್ಸ್‌ನ ಮೂತ್ರರೋಗ ತಜ್ಞರು ಈ ಎರಡನ್ನೂ ಎದುರುಬದುರಿಟ್ಟು, ತಿಂಗಳಿಗೆ 100 ಮಿಲಿಗ್ರಾಂ ಅಂಡೆಸಿಲೇಟ್ ಪಡೆದವರನ್ನೂ ಸೈಪ್ರೊಟೆರಾನ್ ಸೂಜಿ ಪಡೆದವರನ್ನೂ ಹೋಲಿಸಿದ ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ಕ್ಯಾನ್ಸರಿನ ಮೇಲೆ ಎರಡರದ್ದೂ ಹೆಚ್ಚುಕಡಿಮೆ ಒಂದೇ ಪರಿಣಾಮ. ಆದರೆ ಮೊಲೆಯ ಬೆಳವಣಿಗೆ, ಹೃದಯ ಮತ್ತು ರಕ್ತನಾಳದ ತೊಂದರೆ ಅಂಡೆಸಿಲೇಟ್ ಗುಂಪಿನಲ್ಲಿ ಬಹಳ ಹೆಚ್ಚು. ಐದು ವರ್ಷದ ಅನಂತರ ಲ್ಯೂಪ್ರೊಲೈಡ್ ಬಂತು. ಪಿಟ್ಯುಟರಿಯ ಸಂದೇಶವನ್ನೇ ನಿಲ್ಲಿಸುವ ಈ ಬಗೆಯ ಮದ್ದುಗಳು ದುಬಾರಿಯಾದರೂ ಈಸ್ಟ್ರೋಜನ್‌ನ ಕಾಟಗಳಿಲ್ಲದವು. ಮುಟ್ಟು ನಿಂತ ಹೆಂಗಸರಿಗೆ ಅದೇ ದಶಕದಲ್ಲಿ ಚರ್ಮಕ್ಕೆ ಅಂಟಿಸುವ ಈಸ್ಟ್ರಡಯಾಲ್ ಪಟ್ಟಿ ಬಂತು. ಬೇಡವಾದರೆ ಕಿತ್ತು ಹಾಕಬಹುದು. ಎಣ್ಣೆಯ ಠೇವಣಿಯನ್ನು ಯಾವ ವೈದ್ಯನೂ ಹಿಂಪಡೆಯಲಾರ. ರಕ್ತ ಹೆಪ್ಪುಗಟ್ಟಿದ ರೋಗಿಯಲ್ಲೂ ಅದು ವಾರಗಟ್ಟಲೆ ಸೋರುತ್ತಲೇ ಇರುತ್ತದೆ. ಯಾವ ಗುಣಕ್ಕಾಗಿ ಈ ಮದ್ದನ್ನು ಕಟ್ಟಿದರೋ ಆ ಗುಣವೇ ಅದರ ದೋಷವಾಯಿತು.

ಸ್ವೀಡನ್ನಿನಲ್ಲಿ ಇದರ ದಾಯಾದಿಯೊಂದು ಇನ್ನೂ ಸ್ವಲ್ಪ ಕಾಲ ಬಾಳಿತು. ಹೆಲ್ಸಿಂಗ್‌ಬೋರಿಯ ಲಿಯೋ ಕಂಪನಿಯಿಂದ 1957ರಲ್ಲಿ ಬಂದ ‘ಎಸ್ಟ್ರಾಡ್ಯೂರಿನ್’, ಈಸ್ಟ್ರಡಯಾಲ್ ಅಣುಗಳನ್ನು ಫಾಸ್ಫೇಟಿನಿಂದ ಸರಪಳಿಯಂತೆ ಪೋಣಿಸಿದ, ಎಣ್ಣೆಯ ಬದಲು ನೀರಿನಲ್ಲಿ ಕರಗಿಸುವ ತಿಂಗಳ ಸೂಜಿ. ಅದನ್ನು 1992ರಿಂದ 1997ರವರೆಗೆ ಸ್ಕ್ಯಾಂಡಿನೇವಿಯಾದ 900ಕ್ಕೂ ಹೆಚ್ಚು ರೋಗಿಗಳಲ್ಲಿ ಹೊಸ ಚಿಕಿತ್ಸೆಗಳೊಡನೆ ಹೋಲಿಸಿದಾಗ ಬದುಕುಳಿದವರ ಪ್ರಮಾಣ ಎರಡೂ ಕಡೆ ಸಮವಾಗಿತ್ತು. ಅಷ್ಟರಲ್ಲಿ ಮಾರುಕಟ್ಟೆ ಮುಂದೆ ಸಾಗಿಬಿಟ್ಟಿತ್ತು. ಬ್ರಿಟನ್ನಿನಲ್ಲಿ 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು, ಪ್ರಾಸ್ಟೇಟ್ ರೋಗಿಗಳಿಗೆ ಚರ್ಮದ ಪಟ್ಟಿಯಲ್ಲಿ ಈಸ್ಟ್ರಡಯಾಲ್ ಕೊಟ್ಟರೆ ಲ್ಯೂಪ್ರೊಲೈಡ್ ಬಗೆಯ ಮದ್ದಿಗಿಂತ ಹೃದಯದ ತೊಂದರೆ ಹೆಚ್ಚೇನೂ ಇಲ್ಲ ಎಂದು ಕಂಡಿತು. ತಪ್ಪು ಈಸ್ಟ್ರಡಯಾಲಿನದಲ್ಲ, ಅದನ್ನು ಕೊಟ್ಟ ದಾರಿ ಮತ್ತು ಪ್ರಮಾಣದ್ದು ಎಂಬ ಹಳೆಯ ವಾದಕ್ಕೆ ಇದು ಬಲ ಕೊಟ್ಟಿದೆ.

ಎಣ್ಣೆಯಲ್ಲಿ ಬಾಲ ಕಟ್ಟಿಡುವ ವಿದ್ಯೆ ಮಾತ್ರ ಹಾರ್ಮೋನುಗಳಾಚೆಗೂ ಹಬ್ಬಿತು. ಮನೋರೋಗದ ಫ್ಲೂಫೆನಜಿನ್ ಡೆಕನೊಯೇಟ್, ಹ್ಯಾಲೊಪೆರಿಡಾಲ್ ಡೆಕನೊಯೇಟ್ ಸೂಜಿಗಳು ಇದೇ ಉಪಾಯದವು. ದಿನವೂ ಮಾತ್ರೆ ನುಂಗಲಾಗದ ರೋಗಿಗಳಿಗೆ ಅವು ನಮ್ಮ ಆಸ್ಪತ್ರೆಗಳಲ್ಲೂ ಆಸರೆಯಾಗಿವೆ. ಹನ್ನೊಂದು ಇಂಗಾಲದ ಆ ಬಾಲವೂ ಅಳಿಯಲಿಲ್ಲ. ಶೆರಿಂಗ್ 2004ರಲ್ಲಿ ಅದನ್ನೇ ಟೆಸ್ಟೋಸ್ಟೆರಾನಿಗೆ ಕಟ್ಟಿ, ಹರಳೆಣ್ಣೆಯಲ್ಲಿ ಕರಗಿಸಿ, ‘ನೆಬಿಡೋ’ ಎಂಬ ಹೆಸರಿನಲ್ಲಿ ಹಾರ್ಮೋನು ಕೊರತೆಯ ಗಂಡಸರಿಗೆ ತಂದಿತು. ಎರಡು ವರ್ಷಗಳ ಅನಂತರ ಕಂಪನಿಯನ್ನು ಬಾಯರ್ ಕೊಂಡಿತು. ಒಂದು ಸೂಜಿಗೆ 1,000 ಮಿಲಿಗ್ರಾಂ ಇರುವ ಆ ಮದ್ದನ್ನು ಇಂದಿಗೂ ಹತ್ತರಿಂದ ಹದಿನಾಲ್ಕು ವಾರಗಳಿಗೊಮ್ಮೆ ಚುಚ್ಚುತ್ತಾರೆ.